ಆಟದ ಪಟ್ಟಿಯಲ್ಲಿ ನಮ್ಮವರಾರು?

ಕಳೆದ ಬೇಸಿಗೆಯ ರಜೆಯಲ್ಲಿ ನಾವು ಗುಂಡ್ಲುಪೇಟೆಯ ತಂಗಿಯ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆವು. ಹಿಂದೆ ಆ ಮನೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳು ಸದಾ ಇರುತ್ತಿದ್ದವು. ಮಧ್ಯಾಹ್ನದ ಊಟ ಮುಗಿದರೆ ಕವಡೆಯ ಸದ್ದು, ಹೆಂಗಸರ ನಗು, ಗೆದ್ದವರ ಗದ್ದಲ. ಈಗ ಜಗಲಿ ಮೌನವಾಗಿದೆ. ಆಟ ಒಳಕೋಣೆಯ ಕಂಪ್ಯೂಟರಿಗೆ ಸೇರಿದೆ. ತಂಗಿಯ ಮೊಮ್ಮಗ, ಒಂಬತ್ತನೆಯ ತರಗತಿಯ ಹುಡುಗ, ಅದರ ಮುಂದೆ ಕುಳಿತು ಊರು ಕಟ್ಟುತ್ತಿದ್ದ, ಮರ ಕಡಿಸುತ್ತಿದ್ದ, ಸೇನೆ ಕೂಡಿಸುತ್ತಿದ್ದ. ನಾವೂ ಕುತೂಹಲದಿಂದ ಹಿಂದೆ ನಿಂತು ನೋಡಿದೆವು.

ಆಟ ತೊಡಗುವ ಮುನ್ನ ಪರದೆಯ ಮೇಲೆ ಒಂದು ಪಟ್ಟಿ ಮೂಡಿತು. ಚೀನೀಯರು, ಪಾರಸಿಕರು, ಮಂಗೋಲರು, ಜಪಾನೀಯರು, ವೈಕಿಂಗರು, ಹೀಗೆ ನಲವತ್ತಕ್ಕೂ ಮಿಕ್ಕ ಜನಾಂಗಗಳು. ಆಡುವವನು ಅವುಗಳಲ್ಲಿ ಒಂದನ್ನು ತನ್ನದೆಂದು ಆರಿಸಿಕೊಳ್ಳಬೇಕು. ಹುಡುಗ ನಮ್ಮತ್ತ ತಿರುಗಿ, “ತಾತ, ಇದ್ರಲ್ಲಿ ನಮ್ಮೋರು ಯಾರು?” ಎಂದು ಕೇಳಿದ. ನಾವು ಕನ್ನಡಕ ಸರಿಪಡಿಸಿಕೊಂಡು ಹುಡುಕಿದೆವು. ‘ದ್ರಾವಿಡರು’ ಎಂಬ ಹೆಸರು ಕಂಡಿತು. “ಇವರೇ ಕಣಪ್ಪ” ಎಂದೆವು. ಅವನು ಅದನ್ನೇ ಒತ್ತಿದ. ಅದರೊಳಗೆ ರಾಜೇಂದ್ರ ಚೋಳನ ದಿಗ್ವಿಜಯದ ಕಥೆಯಿತ್ತು. ನಮಗೆ ತಲಕಾಡು ನೆನಪಾಗಿ, “ಈ ರಾಜೇಂದ್ರನ ಅಪ್ಪ ರಾಜರಾಜನ ಕಾಲದಲ್ಲೇ ನಮ್ಮ ತಲಕಾಡು ಚೋಳರ ಕೈಸೇರಿದ್ದು” ಎಂದು ಬಾಯಿತಪ್ಪಿ ಅಂದುಬಿಟ್ಟೆವು. ಹುಡುಗ ಕೈ ತಡೆದು, “ಹಂಗಾದ್ರೆ ಸೋತೋರು ನಾವಾ ತಾತ?” ಎಂದ.

ಪ್ರಿಯ ಓದುಗರೇ, ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಹಿರಿಯರು ಮಾಡುವುದನ್ನೇ ನಾವೂ ಮಾಡಿದೆವು. “ಸಾಕು, ಆ ಆಟ ಮುಚ್ಚಿಟ್ಟು ಪುಸ್ತಕ ಹಿಡಿ” ಎಂದು ಗದರಿದೆವು. ಹುಡುಗ ಮಾತಿಲ್ಲದೆ ಎದ್ದುಹೋದ. ಆದರೆ ಪ್ರಶ್ನೆ ನಮ್ಮೊಡನೆಯೇ ಉಳಿಯಿತು. ನಮ್ಮೊಡನೆಯೇ ಬಸ್ಸು ಹತ್ತಿ ಚಾಮರಾಜನಗರಕ್ಕೂ ಬಂದಿತು.

ಮನೆಗೆ ಬಂದ ಮೇಲೆ ಈ ಪಟ್ಟಿಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ತಿಳಿದವರಿಂದ ಕೇಳಿಯೂ ಓದಿಯೂ ತಿಳಿದುಕೊಂಡೆವು. ಅಮೆರಿಕದ ಸಿಡ್ ಮೈಯರ್ ಎಂಬುವರು ೧೯೯೧ರಲ್ಲಿ ‘ಸಿವಿಲೈಸೇಷನ್’ ಎಂಬ ಆಟವನ್ನು ಹೊರತಂದರು. ಅದರಲ್ಲಿ ಇದ್ದುದು ೧೪ ಜನಾಂಗಗಳು. ಭಾರತ ಅವುಗಳಲ್ಲಿ ಒಂದು. ಅದರ ನಾಯಕ ಮಹಾತ್ಮ ಗಾಂಧಿ. ಅಹಿಂಸೆಯನ್ನು ಬೋಧಿಸಿದ ಬಾಪೂಜಿಯವರು ಆ ಆಟದಲ್ಲಿ ಇತರರಂತೆಯೇ ಸೇನೆ ಕಟ್ಟಬೇಕು, ಸಮಯ ಬಂದರೆ ಅಣ್ವಸ್ತ್ರವನ್ನೂ ಹಿಡಿಯಬೇಕು! ೧೯೯೭ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್’ ಎಂಬ ಇನ್ನೊಂದು ಆಟದಲ್ಲಿ ೧೨ ಪ್ರಾಚೀನ ಜನಾಂಗಗಳಿದ್ದವು. ಈಜಿಪ್ಟ್, ಗ್ರೀಸ್, ಬ್ಯಾಬಿಲೋನ್ ಎಲ್ಲವೂ ಇದ್ದವು, ಭಾರತ ಇರಲಿಲ್ಲ. ೧೯೯೯ರಲ್ಲಿ ಬಂದ ಅದರ ಎರಡನೆಯ ಭಾಗದಲ್ಲಿ ೧೩ ಜನಾಂಗಗಳಿದ್ದವು, ಅಲ್ಲಿಯೂ ಭಾರತವಿಲ್ಲ. ೨೦೧೩ರಲ್ಲಿ ‘ಇಂಡಿಯನ್ಸ್’ ಎಂಬ ಒಂದೇ ಹೆಸರಿನಡಿ ಹಿಮಾಲಯದಿಂದ ಕನ್ಯಾಕುಮಾರಿಯವರೆಗಿನ ನಾವೆಲ್ಲರೂ ಒಳಗೆ ಬಂದೆವು. ನಮಗೆಲ್ಲ ಒಂಟೆಯ ಪಡೆಯನ್ನು ಕೊಟ್ಟರು. ಬಂಡೀಪುರದ ರಸ್ತೆಯಲ್ಲಿ ಆನೆ ದಾಟುವುದನ್ನು ಕಾದು ನಿಲ್ಲುವ ನಮ್ಮ ಕಡೆಯವರು ಇದನ್ನು ಕೇಳಿ ನಗದಿರಲಾರರು. ೨೦೨೨ರ ಏಪ್ರಿಲ್‌ನಲ್ಲಿ ಆ ಒಂದು ಹೆಸರನ್ನು ಒಡೆದು ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಎಂದು ನಾಲ್ಕು ಮಾಡಿದರು. ನಮ್ಮ ಮೊಮ್ಮಗ ಕಂಡದ್ದು ಈ ನಾಲ್ಕನೆಯ ಹೆಸರನ್ನು.

ಹೀಗೆ ಬಿಡುವುದಕ್ಕೂ ಸೇರಿಸುವುದಕ್ಕೂ ಕಾರಣಗಳುಂಟು. ಒಂದು ಜನಾಂಗವನ್ನು ಆಟಕ್ಕೆ ತರುವುದೆಂದರೆ ಹೆಸರು ಬರೆದು ಮುಗಿಸುವ ಕೆಲಸವಲ್ಲ. ಅವರ ಮನೆಗಳ ಮಾದರಿ, ಅವರದೊಂದು ಮಹಾಸೌಧ, ಅವರಲ್ಲಿ ಮಾತ್ರ ಕಾಣುವ ಒಬ್ಬ ಯೋಧ, ಅವರ ನುಡಿ, ಇವೆಲ್ಲವನ್ನೂ ಚಿತ್ರಿಸಬೇಕು. ಒಬ್ಬರ ಬಲ ಇನ್ನೊಬ್ಬರ ಬಲಕ್ಕೆ ಸರಿತೂಗುವಂತೆ ಲೆಕ್ಕ ಹಾಕಬೇಕು. ಜೊತೆಗೆ ಕೊಳ್ಳುವವರು ಎಲ್ಲಿದ್ದಾರೆ ಎಂಬುದನ್ನೂ ನೋಡಬೇಕು. ೨೦೦೦ದಲ್ಲಿ ಕೊರಿಯನ್ನರನ್ನು ಸೇರಿಸಿದುದಕ್ಕೆ ಆ ದೇಶದಲ್ಲಿ ಇಂಥ ಆಟಗಳಿಗಿದ್ದ ದೊಡ್ಡ ಮಾರುಕಟ್ಟೆಯೂ ಒಂದು ಕಾರಣ. ಅಂಗಡಿಯವನು ಗಿರಾಕಿ ಕೇಳುವ ಸರಕನ್ನೇ ಮುಂದಿಡುತ್ತಾನೆ, ಇದರಲ್ಲಿ ಆಶ್ಚರ್ಯವಿಲ್ಲ.

ಆದರೆ ಎಲ್ಲ ಆಟಗಳೂ ಪಟ್ಟಿಯಿಂದಲೇ ತೊಡಗುವುದಿಲ್ಲ. ಕೆಲವು ಆಟಗಳವರು ಜನಾಂಗಗಳನ್ನು ಆರಿಸುವ ಬದಲು ಒಂದು ಇಸವಿಯನ್ನು ಆರಿಸುತ್ತಾರೆ. ಆ ವರ್ಷ ಭೂಪಟದಲ್ಲಿ ಯಾರು ಯಾರು ಇದ್ದರೋ ಅವರೆಲ್ಲರಿಗೂ ಜಾಗ ದೊರೆಯುತ್ತದೆ. ೨೦೧೩ರ ‘ಯೂರೋಪಾ ಯೂನಿವರ್ಸಾಲಿಸ್’ ನಾಲ್ಕನೆಯ ಭಾಗ ೧೪೪೪ರಿಂದ ತೊಡಗುತ್ತದೆ. ಆದ್ದರಿಂದ ಅದರಲ್ಲಿ ವಿಜಯನಗರವಿದೆ, ಬಹಮನಿ ರಾಜ್ಯವಿದೆ. ೨೦೨೦ರ ‘ಕ್ರುಸೇಡರ್ ಕಿಂಗ್ಸ್’ ಮೂರನೆಯ ಭಾಗದಲ್ಲಿ ೮೬೭ನ್ನು ಆರಿಸಿದರೆ ರಾಷ್ಟ್ರಕೂಟರು ಸಿಗುತ್ತಾರೆ, ೧೦೬೬ನ್ನು ಆರಿಸಿದರೆ ಕಲ್ಯಾಣದ ಚಾಲುಕ್ಯರು ಸಿಗುತ್ತಾರೆ. ಕಾಲವನ್ನು ಹಿಡಿದರೆ ನಾವಿದ್ದೇವೆ. ಪಟ್ಟಿಯನ್ನು ಹಿಡಿದರೆ ನಾವು ಬೇರೊಬ್ಬರ ಹೆಸರಿನ ನೆರಳಿನಲ್ಲಿ ಮರೆಯಾಗುತ್ತೇವೆ. ಯಾರು ದೊಡ್ಡವರು ಎಂದು ಕೇಳುವುದಕ್ಕೂ, ಯಾರು ಅಲ್ಲಿ ಬದುಕಿದ್ದರು ಎಂದು ಕೇಳುವುದಕ್ಕೂ ಇರುವ ಅಂತರ ಇದು.

ಹಾಗಾದರೆ ನಮ್ಮ ಹೆಸರನ್ನೂ ಸೇರಿಸಿರೆಂದು ಆಟ ಮಾಡುವವರನ್ನು ಒತ್ತಾಯಿಸಬೇಕೇ? ಮೊದಲು ನಮಗೂ ಹಾಗೆಯೇ ತೋರಿತು. ಆದರೆ ದೂರದ ಎರಡು ಸಂಗತಿಗಳು ನಮ್ಮನ್ನು ಯೋಚನೆಗೆ ಹಚ್ಚಿದವು. ಅಮೆರಿಕದ ಪ್ಯೂಬ್ಲೋ ಎಂಬ ಮೂಲನಿವಾಸಿಗಳು ೧೬೮೦ರಲ್ಲಿ ಪೊಪೆ ಎಂಬ ತಮ್ಮ ಹಿರಿಯನ ನೇತೃತ್ವದಲ್ಲಿ ಸ್ಪೇನಿನವರ ವಿರುದ್ಧ ದಂಗೆಯೆದ್ದವರು. ಸಿವಿಲೈಸೇಷನ್ ಆಟದ ಐದನೆಯ ಭಾಗಕ್ಕೆ ಅವರನ್ನು ಸೇರಿಸಬೇಕೆಂದು ತಯಾರಕರು ಬಯಸಿದಾಗ, ಆ ಜನಾಂಗದ ಹಿರಿಯರು ತಮ್ಮ ಪೂರ್ವಜನನ್ನು ಆಟದ ಬೊಂಬೆಯಾಗಿಸುವುದು ಬೇಡವೆಂದರು. ತಯಾರಕರು ಆ ಮಾತಿಗೆ ಮನ್ನಣೆ ಕೊಟ್ಟು, ೨೦೧೩ರಲ್ಲಿ ಅವರ ಬದಲು ಶೋಶೋನಿ ಎಂಬ ಬೇರೆ ಜನಾಂಗವನ್ನು ತಂದರು. ಇನ್ನೊಂದು ಸಂಗತಿ ೨೦೧೮ರದು. ಕೆನಡಾದ ಕ್ರೀ ಜನಾಂಗವನ್ನೂ, ಶಾಂತಿಗಾಗಿ ದುಡಿದ ಅವರ ನಾಯಕ ಪೌಂಡ್‌ಮೇಕರನನ್ನೂ ಅದೇ ಆಟದ ಆರನೆಯ ಭಾಗಕ್ಕೆ ಸೇರಿಸಿದಾಗ, ಆ ನಾಯಕನ ಹೆಸರನ್ನೇ ಹೊತ್ತ ಕ್ರೀ ಸಮುದಾಯದ ಮುಖಂಡರು ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿದರು. ಪರರ ನೆಲ ಗೆಲ್ಲುವುದು ತಮ್ಮವರ ಗುರಿಯಾಗಿರಲಿಲ್ಲ. ಈ ಆಟ ತಮ್ಮನ್ನೂ ಗೆಲ್ಲಹೊರಟವರ ಸಾಲಿಗೆ ಸೇರಿಸುತ್ತದೆ ಎಂಬುದು ಅವರ ಅಳಲು.

ಅಂದರೆ ಅನ್ಯಾಯ ಎರಡು ಬಗೆಯದು. ಪಟ್ಟಿಯಿಂದ ಬಿಡುವುದು ಒಂದು. ಪಟ್ಟಿಗೆ ಸೇರಿಸಿ, ನಾವಲ್ಲದ್ದನ್ನು ನಾವೆಂದು ತೋರಿಸುವುದು ಇನ್ನೊಂದು. ಇವೆರಡರಿಂದಲೂ ಪಾರಾಗಬೇಕಾದರೆ ನಾವು ಯಾರೆಂಬುದು ಮೊದಲು ನಮಗೆ ತಿಳಿದಿರಬೇಕು.

ನಮಗೆ ತಿಳಿದಿದೆಯೇ? ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬರುವ ದಾರಿಯನ್ನೇ ನೋಡೋಣ. ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ ಪರವಾಸುದೇವ ದೇವಾಲಯವಿದೆ. ದಾರಿಯ ನಡುವೆ ತೆರಕಣಾಂಬಿ. ಬಸ್ಸಿನಲ್ಲಿ ನಿದ್ದೆ ಹೋದವರು ಎಚ್ಚರಗೊಳ್ಳುವ ಹೊತ್ತಿಗೆ ದಾಟಿಹೋಗುವ ಊರು. ಅದು ಒಂದು ಕಾಲಕ್ಕೆ ಈ ಸೀಮೆಯ ಮುಖ್ಯ ಪಟ್ಟಣವಾಗಿತ್ತು. ಅಲ್ಲಿಯ ಹಳೆಯ ದೇಗುಲಗಳೇ ಅದಕ್ಕೆ ಸಾಕ್ಷಿ. ಚಾಮರಾಜನಗರ ತಾಲ್ಲೂಕಿನಲ್ಲಿ ಉಮ್ಮತ್ತೂರು ಇದೆ. ಅದರ ಅರಸ ಗಂಗರಾಜನನ್ನು ಮಣಿಸುವುದಕ್ಕೆ ೧೫೦೯ರಲ್ಲಿ ಪಟ್ಟವೇರಿದ ಕೃಷ್ಣದೇವರಾಯ ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲೇ ಶಿವನಸಮುದ್ರದವರೆಗೆ ದಂಡೆತ್ತಿ ಬರಬೇಕಾಯಿತು. ನರಸಮಂಗಲದಲ್ಲಿ ಗಂಗರ ಕಾಲದ ರಾಮೇಶ್ವರ ದೇವಾಲಯ ಇಂದಿಗೂ ನಿಂತಿದೆ. ಇನ್ನೂ ಹಿಂದೆ ಹೋದರೆ ಪುನ್ನಾಟ ರಾಜ್ಯ. ಕ್ರಿಸ್ತಶಕ ಎರಡನೆಯ ಶತಮಾನದ ಭೂಗೋಳಕಾರ ಟಾಲೆಮಿ, ವೈಡೂರ್ಯ ದೊರೆಯುವ ನಾಡೆಂದು ಅದರ ಹೆಸರು ಹೇಳಿದ್ದಾನೆ. ಅದು ಆಮೇಲೆ ಗಂಗರಲ್ಲಿ ಲೀನವಾಯಿತು.

ಗಂಗರ ತಲಕಾಡು ಸುಮಾರು ೧೦೦೪ರಲ್ಲಿ ಚೋಳರ ಕೈಸೇರಿ ರಾಜರಾಜಪುರವೆಂಬ ಹೆಸರು ಪಡೆದದ್ದು ನಿಜ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದು ಶತಮಾನ ಕಳೆದ ಮೇಲೆ ಹೊಯ್ಸಳ ವಿಷ್ಣುವರ್ಧನ ಅದನ್ನು ಮರಳಿ ಪಡೆದು ‘ತಲಕಾಡುಗೊಂಡ’ ಎನಿಸಿದ. ಗೆದ್ದವರೂ ಸೋತವರೂ ಈ ಮಣ್ಣಿನಲ್ಲಿ ಹಲವು ಸಲ ಬದಲಾದರು. ಕೆರೆ ಕಟ್ಟಿಸಿದವರು, ದತ್ತಿ ಬಿಟ್ಟವರು, ದನಗಳನ್ನು ಕಾಯ್ದು ಮಡಿದವರು ಶಾಸನಗಳಲ್ಲೂ ವೀರಗಲ್ಲುಗಳಲ್ಲೂ ಉಳಿದರು. ೧೮೯೮ರಲ್ಲಿ ಬಿ.ಎಲ್. ರೈಸ್ ಅವರು ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ನಮ್ಮ ಈ ಎರಡು ತಾಲ್ಲೂಕುಗಳ ಶಾಸನಗಳು ಊರು ಊರಿನ ಲೆಕ್ಕದಲ್ಲಿ ಅಚ್ಚಾಗಿವೆ. ನೂರು ವರ್ಷಗಳಿಗೂ ಹಿಂದೆ ಹೊರಗಿನವರೊಬ್ಬರು ಮಾಡಿಟ್ಟ ಆ ಪಟ್ಟಿಯನ್ನು ನಾವೆಷ್ಟು ಮಂದಿ ತೆರೆದು ನೋಡಿದ್ದೇವೆ?

ಅಡಗಿ ಕುಳಿತ ಇನ್ನೊಂದು ಸೋಜಿಗವೂ ಇದೆ. ಆ ಆಟದ ದ್ರಾವಿಡರಿಗೆ ಮಾತ್ರ ದೊರೆಯುವ ವಿದ್ಯೆಗಳಲ್ಲಿ ‘ವೂಟ್ಜ್’ ಎಂಬ ಲೋಹದ್ದೊಂದು. ದಕ್ಷಿಣ ಭಾರತದ ಕಮ್ಮಾರರು ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ ಹೆಸರಾಂತ ಉಕ್ಕು ಅದು. ನಮ್ಮ ‘ಉಕ್ಕು’ ಎಂಬ ಮಾತೇ ಆಂಗ್ಲರ ಬರವಣಿಗೆಯಲ್ಲಿ ವೂಟ್ಜ್ ಆಯಿತೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹೀಗೆ ನಮ್ಮ ಅರಸರಿಲ್ಲದ ಪಟ್ಟಿಯೊಳಗೆ ನಮ್ಮ ಕಮ್ಮಾರನ ಮಾತು ವೇಷ ಮರೆಸಿಕೊಂಡು ಕುಳಿತಿದೆ. ಇದನ್ನು ಗುರುತಿಸಿ ಮಗುವಿಗೆ ಹೇಳಬೇಕಾದವರು ನಾವು, ಆಟ ಮಾಡಿದವರಲ್ಲ.

ಆಟದೊಳಗೆ ಯಾರನ್ನು ಇರಿಸಬೇಕೆಂಬ ಯೋಚನೆ ನಮ್ಮ ಊರಿಗೆ ಹೊಸದೂ ಅಲ್ಲ. ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂಬ ಹೆಸರಿತ್ತು. ತಮ್ಮ ತಂದೆ ಚಾಮರಾಜ ಒಡೆಯರು ಅಲ್ಲಿ ಹುಟ್ಟಿದರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಊರಿಗೆ ಈ ಹೆಸರಿಟ್ಟು, ೧೮೨೬ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಇದೇ ಮುಮ್ಮಡಿಯವರು ಆಟಗಳ ದೊಡ್ಡ ಪ್ರೇಮಿ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಗಂಜೀಫಾ ಎಂಬ ಎಲೆಯಾಟ ಮೊಗಲರ ಆಸ್ಥಾನದಲ್ಲಿ ಎಂಟು ಬಣಗಳ ೯೬ ಎಲೆಗಳ ಆಟವಾಗಿತ್ತು. ಕಿರೀಟ, ಕತ್ತಿ, ನಾಣ್ಯ, ಆಳು ಎಂಬಂಥ ಆಸ್ಥಾನದ ಚಿತ್ರಗಳು ಅದರಲ್ಲಿದ್ದವು. ಈ ನೆಲದ ಜನ ಆ ಆಟವನ್ನು ಬೇಡವೆನ್ನಲಿಲ್ಲ, ಬಣಗಳನ್ನು ಬದಲಿಸಿಕೊಂಡರು. ದಶಾವತಾರಗಳನ್ನು ಇರಿಸಿ ೧೨೦ ಎಲೆಗಳ ಆಟ ಮಾಡಿಕೊಂಡರು. ಮುಮ್ಮಡಿಯವರು ಇನ್ನೂ ಮುಂದೆ ಹೋಗಿ ಹೊಸ ಹೊಸ ಬಣಗಳನ್ನು ಕಲ್ಪಿಸಿದರು; ಅವರ ಕೆಲವು ಆಟಗಳಲ್ಲಿ ಮುನ್ನೂರಕ್ಕೂ ಮಿಕ್ಕ ಎಲೆಗಳಿವೆ. ಪರರ ಆಟ ಬಂದಾಗ ಅದನ್ನು ಬಯ್ಯುತ್ತ ಕೂರದೆ, ಅದರ ಚೌಕಟ್ಟಿನೊಳಗೆ ತಮ್ಮವರನ್ನು ಕೂರಿಸಿದ ಜಾಣ್ಮೆ ಅದು. ಆ ಊರಿನಲ್ಲೇ ವಾಸವಾಗಿರುವ ನಾವು ಮೊಮ್ಮಗನಿಗೆ ‘ಮುಚ್ಚಿಡು’ ಎಂದೆವಲ್ಲ ಎಂದು ನಾಚಿಕೆಯಾಯಿತು.

ಹಿರಿಯರಿಗೂ ಎಲ್ಲವೂ ಪಾಠದಿಂದಲೇ ಬಂದುದಲ್ಲ. ಕದಂಬರ ಹೆಸರನ್ನು ನಮ್ಮ ಊರುಗಳ ಎಷ್ಟೋ ಮಂದಿ ಮೊದಲು ಕೇಳಿದ್ದು ೧೯೭೫ರ ‘ಮಯೂರ’ ಚಿತ್ರದಲ್ಲಿ, ನಮ್ಮ ಗಡಿಯಾಚೆಯ ಗಾಜನೂರಿನ ಡಾ. ರಾಜಕುಮಾರ್ ಅವರ ಬಾಯಿಂದ. ಆಗ ಟೆಂಟಿನ ಮರಳಿನ ಮೇಲೆ ಕುಳಿತು ನಾವು ಕಲಿತದ್ದನ್ನು ಈಗಿನ ಮಕ್ಕಳು ಪರದೆಯ ಮುಂದೆ ಕುಳಿತು ಕಲಿಯುತ್ತಾರೆ. ಆದ್ದರಿಂದ ಮಾಧ್ಯಮದ ಮೇಲೆ ಸಿಟ್ಟು ಬೇಡ.

ಆದರೂ ಒಂದು ಮಾತನ್ನು ಮಕ್ಕಳಿಗೆ ತಿಳಿಸಲೇಬೇಕು. ಈ ಆಟಗಳ ಅಳತೆಗೋಲು ಗಿಡ್ಡ. ನೆಲ, ಹೊನ್ನು, ಸೇನೆ, ಸೌಧ, ಇಷ್ಟನ್ನೇ ಅದು ಅಳೆಯಬಲ್ಲದು. ಕಲ್ಯಾಣವನ್ನೇ ತೆಗೆದುಕೊಳ್ಳಿ. ಚಾಲುಕ್ಯರ ರಾಜಧಾನಿಯಾಗಿ ಅದಕ್ಕೆ ಆಟದಲ್ಲಿ ಸ್ಥಾನವಿದೆ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳ ಅದನ್ನು ವಶಪಡಿಸಿಕೊಂಡ. ಅವನ ವಂಶದ ಅಧಿಕಾರ ಅಲ್ಲಿ ಕೆಲವೇ ದಶಕ ನಡೆಯಿತು. ಆಟದ ಲೆಕ್ಕದಲ್ಲಿ ಅದು ಎರಡು ಸಾಲಿನ ಸಂಗತಿ. ಆದರೆ ಆ ಕೆಲವೇ ವರ್ಷಗಳಲ್ಲಿ ಅಲ್ಲಿ ಸೇರಿದ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ ಮತ್ತು ನೂರಾರು ಕಾಯಕದ ಶರಣರ ಬಳಿ ಸೇನೆಯಿರಲಿಲ್ಲ, ಕೋಟೆಯಿರಲಿಲ್ಲ. ಅಂಬಿಗ, ಮಡಿವಾಳ, ಸಮಗಾರ, ಬುಟ್ಟಿ ಹೆಣೆಯುವವ, ಇವರಲ್ಲಿ ಯಾವ ‘ವಿಶಿಷ್ಟ ಯೋಧ’ನನ್ನು ಆಟ ಆರಿಸೀತು? ಕಲ್ಯಾಣವನ್ನು ಇಂದು ಜಗತ್ತು ನೆನೆಯುವುದು ಇವರಿಂದಲೇ ಹೊರತು ಅದರ ಕೋಟೆಯಿಂದಲ್ಲ.

ಆ ಕಲ್ಯಾಣ ನಮ್ಮ ಜಿಲ್ಲೆಗೆ ನೂರಾರು ಮೈಲಿ ದೂರ. ಆದರೂ ನಮ್ಮ ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿಯ ಕಾವ್ಯ ಹಾಡುವಾಗ ಕಲ್ಯಾಣ ಪಟ್ಟಣದ ಸಾಲು ಬಂದೇ ಬರುತ್ತದೆ. ಬಸವಣ್ಣನನ್ನು ಮಂಟೇಸ್ವಾಮಿ ಪರೀಕ್ಷಿಸುವ ಪ್ರಸಂಗ ರಾತ್ರಿಯೆಲ್ಲ ನಡೆಯುತ್ತದೆ. ಕಂಸಾಳೆಯವರು ಮಲೆಯ ಮಾದೇಶ್ವರನ ಕಥೆಯನ್ನು ಹಾಗೆಯೇ ಉಳಿಸಿಕೊಂಡು ಬಂದಿದ್ದಾರೆ. ಓದು ಬರಹ ಬಾರದ ಗಾಯಕರು ತಲೆಮಾರುಗಳಿಂದ ಕಾದಿರಿಸಿದ ಪಟ್ಟಿ ಅದು. ಅದರಲ್ಲಿ ಯಾರಿರಬೇಕೆಂಬುದನ್ನು ಮಾರುಕಟ್ಟೆ ನಿಶ್ಚಯಿಸಲಿಲ್ಲ, ಅರಮನೆಯೂ ನಿಶ್ಚಯಿಸಲಿಲ್ಲ. ಕೇಳಿದ ಜನ ನಿಶ್ಚಯಿಸಿದರು.

ಒಂದು ತಿಂಗಳ ಮೇಲೆ ನಾವು ಮತ್ತೆ ಗುಂಡ್ಲುಪೇಟೆಗೆ ಹೋದೆವು. ಹುಡುಗನನ್ನು ಕರೆದು, “ಅವತ್ತು ನಿನ್ನ ಗದರಿದ್ದು ನಮ್ಮ ತಪ್ಪು ಕಣಪ್ಪ, ನೀನು ಕೇಳಿದ್ದಕ್ಕೆ ನಮಗೆ ಉತ್ತರ ಗೊತ್ತಿರಲಿಲ್ಲ” ಎಂದೆವು. ಅವನು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿ, ತಾನೇ ಕುರ್ಚಿ ಎಳೆದು ಕೊಟ್ಟ. ತಲಕಾಡು ಹೋದದ್ದು, ಮರಳಿ ಬಂದದ್ದು, ಪುನ್ನಾಟ, ಉಮ್ಮತ್ತೂರು, ಉಕ್ಕು, ಗಂಜೀಫಾ, ಎಲ್ಲವನ್ನೂ ಹೇಳಿದೆವು. ಅವನು ಶಾಲೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತನ್ನದೇ ಆಟವೊಂದರ ಪಟ್ಟಿ ಬರೆಯತೊಡಗಿದ. ಪುನ್ನಾಟಕ್ಕೆ ವೈಡೂರ್ಯ, ಗಂಗರಿಗೆ ಆನೆ, ಹೊಯ್ಸಳರಿಗೆ ಶಿಲ್ಪಿ ಎಂದು ಹಂಚಿದ. ಕಲ್ಯಾಣದ ಸರದಿ ಬಂದಾಗ ಪೆನ್ನು ನಿಂತಿತು. “ತಾತ, ಇವ್ರು ಯುದ್ಧ ಮಾಡಲ್ಲ ಅಂದ್ರೆ ಗೆಲ್ಲೋದು ಹೆಂಗೆ?” ಎಂದ. “ಅದನ್ನ ನೀನೇ ಯೋಚನೆ ಮಾಡಪ್ಪ” ಎಂದೆವು. ಆ ಸಾಲು ಇನ್ನೂ ಖಾಲಿಯಿದೆ. ಅವನು ಯೋಚಿಸುತ್ತಲೇ ಇದ್ದಾನೆ. ನಮಗೆ ಅದೇ ಸಮಾಧಾನ.

ಓದುಗ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟೆ. ನಿಮ್ಮ ಮನೆಯ ಮಕ್ಕಳು ಇಂಥ ಆಟ ಆಡುತ್ತಿದ್ದರೆ ಒಂದು ದಿನ ಪಕ್ಕದಲ್ಲಿ ಕುಳಿತು ಆ ಪಟ್ಟಿಯನ್ನು ನೋಡಿ. ಬಳಿಕ ನಿಮ್ಮೂರಿನ ಕೆರೆಯ ಏರಿಯ ಮೇಲಿನ ಕಲ್ಲು, ಗುಡಿಯ ಬಾಗಿಲ ಬಳಿಯ ಶಾಸನ, ಊರ ಮುಂದಿನ ವೀರಗಲ್ಲು, ಇವುಗಳಲ್ಲಿ ಒಂದರ ಬಳಿಗೆ ಮಗುವನ್ನು ಕರೆದೊಯ್ಯಿರಿ. ನಮ್ಮವರು ಯಾರೆಂದು ಅದು ಕೇಳುವ ಹೊತ್ತಿಗೆ, ನಾವು ಗದರಿದಂತೆ ನೀವು ಗದರುವ ಪ್ರಸಂಗ ಬಾರದಿರಲಿ.